ಇಪ್ಪತ್ತು ಅಂಕಿಯ ಸಂಖ್ಯೆ ಎದುರಾದರೆ: ಗೆಲ್ಲಲು ಹನ್ನೆರಡು ಸೂತ್ರಗಳು

18446744073709551615.

ಈ ಸಂಖ್ಯೆಯನ್ನು ಒಬ್ಬ ವಿದ್ಯಾರ್ಥಿಯ ಮುಂದಿಟ್ಟು ‘ಇದರ ಅಪವರ್ತನಗಳನ್ನು ಹೇಳು’ ಎಂದರೆ ಕೈ ಮೊದಲು ಹೋಗುವುದು ಕ್ಯಾಲ್ಕುಲೇಟರಿನ ಕಡೆಗೆ. ಸಾಮಾನ್ಯ ಕ್ಯಾಲ್ಕುಲೇಟರಿನ ಪರದೆಯಲ್ಲಿ ಇಷ್ಟು ಅಂಕಿ ಹಿಡಿಯುವುದೇ ಇಲ್ಲ. ಅಲ್ಲಿಗೆ ಅರ್ಧ ಜನ ಕೈಚೆಲ್ಲುತ್ತಾರೆ. ಚೆಲ್ಲಬೇಕಾಗಿಲ್ಲ. ಒಂದು ಪೆನ್ನು, ಎರಡು ಹಾಳೆ, ಒಂದು ಸಂಜೆ ಸಾಕು. ಈ ಸಂಖ್ಯೆಯನ್ನು ಕೊನೆಯ ಅವಿಭಾಜ್ಯದವರೆಗೂ ಬಿಡಿಸಿಡಬಹುದು. ಇಲ್ಲಿರುವ ಸೂತ್ರಗಳನ್ನೆಲ್ಲ ಈ ಒಂದೇ ಸಂಖ್ಯೆಯ ಮೇಲೆ ಪ್ರಯೋಗಿಸಿ ತೋರಿಸಿದ್ದೇನೆ. ಕಲಿತದ್ದು ಬೇರೆ ಯಾವ ದೊಡ್ಡ ಸಂಖ್ಯೆಗಾದರೂ ಒದಗುತ್ತದೆ.

1. ಮೊದಲು ಬಾಯಿಬಿಟ್ಟು ಓದಿ

ಓದಲು ಬಾರದ ಸಂಖ್ಯೆ ಹೆದರಿಸುತ್ತದೆ. ನಮ್ಮ ರೀತಿಯಲ್ಲಿ ಅಲ್ಪವಿರಾಮ ಹಾಕಿ: 1,84,46,74,40,73,70,95,51,615. ಈಗ ಕೋಟಿಗಳಾಗಿ ಕತ್ತರಿಸಿ. ಒಂದು ಲಕ್ಷ ಎಂಬತ್ತನಾಲ್ಕು ಸಾವಿರದ ನಾನ್ನೂರ ಅರವತ್ತೇಳು ಕೋಟಿ ಕೋಟಿ. ಅದರ ಮೇಲೆ ನಲವತ್ತನಾಲ್ಕು ಲಕ್ಷ ಏಳು ಸಾವಿರದ ಮುನ್ನೂರ ಎಪ್ಪತ್ತು ಕೋಟಿ. ಅದರ ಮೇಲೆ ತೊಂಬತ್ತೈದು ಲಕ್ಷ ಐವತ್ತೊಂದು ಸಾವಿರದ ಆರುನೂರ ಹದಿನೈದು.

ಉಸಿರು ಸಾಲದಿದ್ದರೆ ಮಹಾವೀರಾಚಾರ್ಯರ ನೆರವು ಪಡೆಯಿರಿ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ‘ಗಣಿತಸಾರಸಂಗ್ರಹ’ ಬರೆದ ಅವರು ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಏಕ, ದಶ, ಶತದಿಂದ ಹೊರಟು ಮಹಾಕ್ಷೋಭದಲ್ಲಿ ನಿಲ್ಲುವ ಪಟ್ಟಿ ಅದು. ನಮ್ಮ ಸಂಖ್ಯೆಯ ಮೊದಲ ಅಂಕಿ 1 ಕೂತಿರುವುದು ಇಪ್ಪತ್ತನೇ ಸ್ಥಾನದಲ್ಲಿ, ಮಹಾವೀರರ ಮಾತಿನಲ್ಲಿ ಮಹಾಶಂಖದಲ್ಲಿ. ಅವರ ಪಟ್ಟಿಯಲ್ಲಿ ಇನ್ನೂ ನಾಲ್ಕು ಸ್ಥಾನ ಖಾಲಿ ಉಳಿಯುತ್ತವೆ!

2. ಹುಟ್ಟು ಎಲ್ಲಿಯದು ಎಂದು ಕೇಳಿ

ಹನ್ನೆರಡರಲ್ಲಿ ಒಂದೇ ಸೂತ್ರ ಉಳಿಸಿಕೊಳ್ಳಿ ಎಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ. ಅಂಕಿಗಳ ಸಾಲು ಸಂಖ್ಯೆಯ ಅಂಗಿ ಮಾತ್ರ. ಅದು ಹೇಗೆ ಹುಟ್ಟಿತು ಎಂಬುದರಲ್ಲಿ ಅದರ ಗುಣವೆಲ್ಲ ಅಡಗಿರುತ್ತದೆ.

ಈ ಸಂಖ್ಯೆಯ ಹುಟ್ಟಿನ ಕತೆ ನಿಮಗೆ ಗೊತ್ತಿರುವುದೇ. ಚದುರಂಗ ಕಂಡುಹಿಡಿದವನು ರಾಜನಲ್ಲಿ ಬಹುಮಾನ ಕೇಳಿದ: ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಅರವತ್ತನಾಲ್ಕು ಮನೆಗೂ ಇಮ್ಮಡಿ ಮಾಡುತ್ತ ಹೋಗಿ ಎಂದ. ಹದಿಮೂರನೇ ಶತಮಾನದಲ್ಲಿ ಇಬ್ನ್ ಖಲ್ಲಿಕಾನ್ ಈ ಕತೆಯನ್ನು ಬರೆದಿಟ್ಟಿದ್ದಾನೆ. ಅಲ್ಲಿ ಗೋಧಿ, ಅಕ್ಕಿ ಉಣ್ಣುವ ನಮ್ಮ ಕಡೆ ಹೇಳುವಾಗ ಅಕ್ಕಿ.

ಒಟ್ಟು ಎಷ್ಟು ಕಾಳು? ಕೂಡಲು ಹೊರಡಬೇಡಿ. ಒಂದು ಕಾಳು ಸಾಲ ತಂದು ಮೊದಲ ಮನೆಗೆ ಹಾಕಿ. 1ಕ್ಕೆ 1 ಸೇರಿ 2. ಆ ಎರಡನ್ನು ಎರಡನೇ ಮನೆಗೆ ಸರಿಸಿ, ಅಲ್ಲಿನ 2ರ ಜೊತೆ ಸೇರಿ 4. ಅದನ್ನು ಮೂರನೇ ಮನೆಗೆ ಸರಿಸಿ, 8. ರಾಶಿ ಹೀಗೆ ಮನೆಯಿಂದ ಮನೆಗೆ ಇಮ್ಮಡಿಯಾಗುತ್ತ ಉರುಳಿ ಕೊನೆಯ ಮನೆ ಮುಟ್ಟಿದಾಗ 2⁶⁴ ಆಗಿರುತ್ತದೆ. ಸಾಲದ ಕಾಳು ವಾಪಸು ಕೊಡಿ. ಉಳಿದದ್ದು 2⁶⁴ − 1.

ಇದೇ ಸಂಖ್ಯೆ ಇನ್ನೆರಡು ಕಡೆ ಹುಟ್ಟಿದೆ. 1883ರಲ್ಲಿ ಫ್ರಾನ್ಸಿನ ಎಡ್ವರ್ಡ್ ಲುಕಾ ‘ಹನೋಯಿ ಗೋಪುರ’ ಎಂಬ ಆಟ ಹೊರತಂದಾಗ, ಕಾಶಿಯ ದೇಗುಲವೊಂದರಲ್ಲಿ 64 ಚಿನ್ನದ ಬಿಲ್ಲೆಗಳನ್ನು ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದಾರೆ ಎಂಬ ಕತೆಯನ್ನೂ ಕಟ್ಟಿದ. ಆಟದ ನಿಯಮದಂತೆ ಅದಕ್ಕೆ ಬೇಕಾದ ಕನಿಷ್ಠ ನಡೆಗಳು ಸರಿಯಾಗಿ 2⁶⁴ − 1. ಇನ್ನೊಂದು ನಮ್ಮ ಕಂಪ್ಯೂಟರು. 64 ಬಿಟ್‌ಗಳಲ್ಲಿ ಹಿಡಿಯುವ ಅತಿ ದೊಡ್ಡ ಪೂರ್ಣಾಂಕ ಇದೇ. ದ್ವಿಮಾನ ಪದ್ಧತಿಯಲ್ಲಿ ಬರೆದರೆ ಸಾಲಾಗಿ ಅರವತ್ತನಾಲ್ಕು ಒಂದುಗಳು. ಇಪ್ಪತ್ತು ಅಂಕಿಯ ಅಡ್ಡಾದಿಡ್ಡಿ ಸಾಲು ಅಲ್ಲಿ ಎಷ್ಟು ಶಿಸ್ತಾಗಿ ನಿಂತಿದೆ ನೋಡಿ.

3. ಇಮ್ಮಡಿ ಮಾಡಬೇಡಿ, ವರ್ಗ ಮಾಡಿ

2⁶⁴ ಬೇಕಾದರೆ ಅರವತ್ತನಾಲ್ಕು ಹೆಜ್ಜೆ ನಡೆಯಬೇಕಿಲ್ಲ. 2ರ ವರ್ಗ 4, ಅದರ ವರ್ಗ 16, ಅದರದ್ದು 256, ಅದರದ್ದು 65536, ಅದರದ್ದು 4294967296, ಅದರದ್ದೇ 18446744073709551616. ಆರು ಹೆಜ್ಜೆ. ಛಂದಸ್ಸು ಓದಿದವರಿಗೆ ಇದು ಹೊಸದಲ್ಲ. ಆರು ಅಕ್ಷರದ ಸಾಲಿನಲ್ಲಿ ಲಘು ಗುರುಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು ಎಂಬ ಪ್ರಶ್ನೆಗೆ ಉತ್ತರ 64. ಅಂಥ ಲೆಕ್ಕಕ್ಕೆ ಪಿಂಗಳನ ಛಂದಃಶಾಸ್ತ್ರ ಹೇಳುವ ಉಪಾಯವೇ ಇದು: ಸಮವಿದ್ದರೆ ಅರ್ಧಿಸಿ ವರ್ಗ ಮಾಡು, ಬೆಸವಿದ್ದರೆ ಒಂದು ಕಳೆದು ಇಮ್ಮಡಿಸು.

4. ಬಾಲ ನೋಡಿ

ಕೊನೆಯ ಅಂಕಿ 5. ಹಾಗಾಗಿ ಬೆಸ, 5ರಿಂದ ಭಾಗವಾಗುತ್ತದೆ. ಕೊನೆಯ ಎರಡಂಕಿ 15. ಹಾಗಾಗಿ 25ರಿಂದ ಭಾಗವಾಗದು. ಐದರಲ್ಲಿ ಮುಗಿಯುವ ಪೂರ್ಣ ವರ್ಗ 25ರಲ್ಲೇ ಮುಗಿಯಬೇಕು; ಇದು ಪೂರ್ಣ ವರ್ಗವೂ ಅಲ್ಲ. 15ನ್ನು 4ರಿಂದ ಭಾಗಿಸಿದರೆ ಶೇಷ 3. ಸಮಸಂಖ್ಯೆಯ ವರ್ಗವನ್ನು 4ರಿಂದ ಭಾಗಿಸಿದರೆ ಶೇಷ 0, ಬೆಸಸಂಖ್ಯೆಯದಕ್ಕೆ 1; ಎರಡು ವರ್ಗ ಕೂಡಿದರೆ 0, 1 ಅಥವಾ 2 ಬರಬಹುದೇ ಹೊರತು 3 ಎಂದಿಗೂ ಬರದು. ಹಾಗಾಗಿ ಈ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಸಾಧ್ಯವೇ ಇಲ್ಲ. ಎರಡೇ ಅಂಕಿ ನೋಡಿ ಇಷ್ಟೆಲ್ಲ.

5. ನಕಲು ತಪ್ಪಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ

ದೊಡ್ಡ ಸಂಖ್ಯೆಯಲ್ಲಿ ಸೋಲುವವರಲ್ಲಿ ಹೆಚ್ಚಿನವರು ಗಣಿತದಲ್ಲಿ ಸೋಲುವುದಿಲ್ಲ, ಬರೆದುಕೊಳ್ಳುವಾಗ ಸೋಲುತ್ತಾರೆ. ಅಂಕಿಗಳನ್ನು ಕೂಡಿ: 87. ಅದನ್ನು 9ರಿಂದ ಭಾಗಿಸಿದರೆ ಶೇಷ 6. ಹುಟ್ಟಿನಿಂದಲೂ ಅದನ್ನೇ ತೆಗೆಯಿರಿ: 2⁶ ಅಂದರೆ 64, ಒಂಬತ್ತರಿಂದ ಭಾಗಿಸಿದರೆ ಶೇಷ 1. ಆದ್ದರಿಂದ 2⁶⁰ಕ್ಕೂ 1. ಉಳಿದ 2⁴ ಎಂದರೆ 16, ಶೇಷ 7. ಒಂದು ಕಳೆದರೆ 6. ತಾಳೆಯಾಯಿತು. ಜೊತೆಗೇ ಇನ್ನೊಂದು ಸಿಕ್ಕಿತು: 87 ಮೂರರಿಂದ ಭಾಗವಾಗುತ್ತದೆ, ಒಂಬತ್ತರಿಂದ ಆಗುವುದಿಲ್ಲ. ಸಂಖ್ಯೆಯೂ ಹಾಗೆಯೇ.

ಆದರೆ ಈ ಪರೀಕ್ಷೆಗೆ ಒಂದು ಕುರುಡಿದೆ. 73ನ್ನು 37 ಎಂದು ಬರೆದುಕೊಂಡರೆ ಅಂಕಿಗಳ ಮೊತ್ತ ಬದಲಾಗುವುದಿಲ್ಲ. ಲೆಕ್ಕ ತಾಳೆಯಾಗದೆ ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಎಲ್ಲೋ ಅಂಕಿ ಅದಲುಬದಲಾಗಿದೆ ಎಂದು ಖಾತೆ ಬರೆಯುವವರು ಹುಡುಕಲು ಶುರುಮಾಡುವುದು ಇದೇ ಕಾರಣಕ್ಕೆ. ಆ ತಪ್ಪನ್ನು ಹಿಡಿಯುವುದು 11ರ ಪರೀಕ್ಷೆ. ಬಲದಿಂದ ಒಂದು ಬಿಟ್ಟು ಒಂದು ಅಂಕಿ ಕೂಡಿ: 62. ಬಿಟ್ಟವನ್ನು ಕೂಡಿ: 25. ವ್ಯತ್ಯಾಸ 37, ಹನ್ನೊಂದರಿಂದ ಭಾಗಿಸಿದರೆ ಶೇಷ 4. ಅಕ್ಕಪಕ್ಕದ ಎರಡು ಬೇರೆ ಅಂಕಿ ಅದಲುಬದಲಾಗಿದ್ದರೆ ಈ ಶೇಷ ಖಂಡಿತ ಬದಲಾಗುತ್ತಿತ್ತು.

6. ಭಾಗಿಸದೆ ಶೇಷ ಹಿಡಿಯಿರಿ

ಶೇಷಗಳು ಗಡಿಯಾರದ ಮುಳ್ಳಿನಂತೆ ಸುತ್ತುತ್ತವೆ. 7ರ ಗಡಿಯಾರದಲ್ಲಿ 2ರ ಘಾತಗಳು 2, 4, 1, ಮತ್ತೆ 2, 4, 1. ಮೂರು ಹೆಜ್ಜೆಗೊಂದು ಸುತ್ತು. 64 ಎಂದರೆ ಇಪ್ಪತ್ತೊಂದು ಸುತ್ತು ಮುಗಿದು ಒಂದು ಹೆಜ್ಜೆ: ಶೇಷ 2. ಒಂದು ಕಳೆದರೆ 1. ಹಾಗಾಗಿ 7ರಿಂದ ಭಾಗವಾಗದು. 13ರ ಗಡಿಯಾರದಲ್ಲಿ ಸುತ್ತು ಹನ್ನೆರಡು ಹೆಜ್ಜೆಯದು; ಐದು ಸುತ್ತು ಮುಗಿದು ನಾಲ್ಕು ಹೆಜ್ಜೆ, 16. ಒಂದು ಕಳೆದರೆ 15, ಶೇಷ 2.

ಸಂಖ್ಯೆಯ ಹುಟ್ಟು ಗೊತ್ತಿಲ್ಲದಿದ್ದರೆ? ಆಗ 7 × 11 × 13 = 1001 ಎಂಬುದನ್ನು ನೆನಪಿಸಿಕೊಳ್ಳಿ. ಬಲದಿಂದ ಮೂರು ಮೂರು ಅಂಕಿ ತುಂಡರಿಸಿ, ಒಂದು ಕೂಡಿ, ಒಂದು ಕಳೆಯಿರಿ: 615 − 551 + 709 − 073 + 744 − 446 + 18 = 1016. ಅದರಿಂದ 1001 ತೆಗೆದರೆ 15. ಈ ಹದಿನೈದನ್ನು 7ರಿಂದ ಭಾಗಿಸಿದರೆ ಶೇಷ 1, ಹನ್ನೊಂದರಿಂದ 4, ಹದಿಮೂರರಿಂದ 2. ಮೇಲೆ ಬೇರೆ ಬೇರೆ ದಾರಿಯಲ್ಲಿ ಸಿಕ್ಕ ಮೂರೂ ಉತ್ತರ ಒಂದೇ ಏಟಿಗೆ! ಎರಡು ದಾರಿಯಲ್ಲಿ ಹೋಗಿ ಒಂದೇ ಊರು ಸೇರಿದಾಗ ಆಗುವ ಖುಷಿಯನ್ನು ಕಲಿಯುವವರು ಒಮ್ಮೆಯಾದರೂ ಅನುಭವಿಸಬೇಕು.

7. ಕೊಡಲಿ ಎತ್ತುವ ಮೊದಲು ಕೀಲು ಹುಡುಕಿ

ಎರಡು ವರ್ಗಗಳ ವ್ಯತ್ಯಾಸವೆಂದರೆ ಮೂಲಗಳ ವ್ಯತ್ಯಾಸವನ್ನು ಮೂಲಗಳ ಮೊತ್ತದಿಂದ ಗುಣಿಸಿದ್ದು. ಪ್ರೌಢಶಾಲೆಯ ಈ ಪಾಠವೇ ಇಲ್ಲಿ ಕೀಲಿಕೈ. 2⁶⁴ ಎಂದರೆ 2³²ರ ವರ್ಗ. 1 ಎಂದರೆ 1ರ ವರ್ಗ. ಹಾಗಾಗಿ

2⁶⁴ − 1 = (2³² − 1)(2³² + 1).

ಎಡಗಡೆಯ ತುಂಡು ಮತ್ತೆ ಅದೇ ಆಕಾರದ್ದು. ಅದನ್ನೂ ಬಿಡಿಸಿ, ಅದರ ಎಡತುಂಡನ್ನೂ ಬಿಡಿಸಿ. ಕೊನೆಗೆ ಉಳಿಯುವುದು

3 × 5 × 17 × 257 × 65537 × 4294967297.

ಒಂದೂ ಭಾಗಾಕಾರ ಮಾಡದೆ ಇಪ್ಪತ್ತು ಅಂಕಿ ಆರು ತುಂಡಾಯಿತು. 3ರಿಂದ, 5ರಿಂದ ಆರಂಭಿಸಿ ಒಂದೊಂದೇ ಅವಿಭಾಜ್ಯದಿಂದ ಭಾಗಿಸುತ್ತ ಹೋಗುವವರು ಶ್ರಮಜೀವಿಗಳು, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಶ್ರಮಕ್ಕೆ ಮೊದಲು ಎರಡು ನಿಮಿಷ ಸುಮ್ಮನೆ ನೋಡುವ ಅಭ್ಯಾಸ ಬೇಕು.

8. ಐದು ಸಲ ನಿಜವಾದದ್ದು ಆರನೇ ಸಲವೂ ನಿಜ ಎಂದುಕೊಳ್ಳಬೇಡಿ

3, 5, 17, 257, 65537. ಐದೂ ಅವಿಭಾಜ್ಯ. ಆರನೆಯದು 4294967297. 1640ರ ಸುಮಾರಿಗೆ ಪಿಯರ್ ದ ಫರ್ಮಾ ಈ ಸಾಲನ್ನು ನೋಡಿ, ಇಲ್ಲಿ ಬರುವುದೆಲ್ಲ ಅವಿಭಾಜ್ಯವೇ ಎಂದು ನಂಬಿದ. ಅವನಂಥ ಗಣಿತಜ್ಞ ನಂಬಿದ ಮೇಲೆ ಯಾರು ಪ್ರಶ್ನಿಸುತ್ತಾರೆ? ಸುಮಾರು ತೊಂಬತ್ತು ವರ್ಷ ಆ ಮಾತು ಹಾಗೇ ನಿಂತಿತು. 1729ರಲ್ಲಿ ಗೋಲ್ಡ್‌ಬಾಖ್ ಪತ್ರ ಬರೆದು ಯುವಕ ಆಯ್ಲರನ ಗಮನ ಇತ್ತ ಸೆಳೆದ. 1732ರಲ್ಲಿ ಆಯ್ಲರ್ ತೋರಿಸಿದ: 4294967297 = 641 × 6700417.

ಅವನು ಅದೃಷ್ಟದಿಂದ 641ರ ಮೇಲೆ ಬಿದ್ದನೇ? ಅಲ್ಲ. ಈ ಸಂಖ್ಯೆಯ ವರ್ಗಮೂಲ 65536ರ ಹತ್ತಿರ. ಅಷ್ಟರೊಳಗೆ 6,542 ಅವಿಭಾಜ್ಯಗಳಿವೆ. ಎಲ್ಲವನ್ನೂ ಪರೀಕ್ಷಿಸುವ ಬದಲು, ಭಾಜಕ ಇದ್ದರೆ ಅದು ಯಾವ ಆಕಾರದಲ್ಲಿರಬೇಕು ಎಂಬುದನ್ನು ಅವನು ಮೊದಲು ಯೋಚಿಸಿದ. ಹಿಂದಿನ ಗಡಿಯಾರವನ್ನೇ ತೆಗೆದುಕೊಳ್ಳಿ. ಒಂದು ಅವಿಭಾಜ್ಯ 2³² + 1ನ್ನು ನಿಶ್ಶೇಷವಾಗಿ ಭಾಗಿಸುವುದಾದರೆ, ಅದರ ಗಡಿಯಾರದಲ್ಲಿ 2ರ ಘಾತ 32ನೇ ಹೆಜ್ಜೆಗೆ −1ಕ್ಕೆ ಬರುತ್ತದೆ, 64ನೇ ಹೆಜ್ಜೆಗೆ 1ಕ್ಕೆ. ಅಂದರೆ ಸುತ್ತು ಸರಿಯಾಗಿ 64 ಹೆಜ್ಜೆಯದು. ಅವಿಭಾಜ್ಯದಿಂದ ಒಂದು ಕಳೆದರೆ ಸಿಗುವಷ್ಟು ಹೆಜ್ಜೆ ನಡೆದಾಗಲೂ 1ಕ್ಕೆ ಬರಲೇಬೇಕು ಎಂಬುದು ಪ್ರಮೇಯ. ಹಾಗಾಗಿ ಆ ಅವಿಭಾಜ್ಯ 64ರ ಅಪವರ್ತ್ಯಕ್ಕಿಂತ ಒಂದು ಹೆಚ್ಚಾಗಿರಬೇಕು. ಆ ಸಾಲಿನ ಅವಿಭಾಜ್ಯಗಳು 193, 257, 449, 577, 641. ಐದನೇ ಪ್ರಯತ್ನಕ್ಕೆ ಬೇಟೆ ಸಿಕ್ಕಿತು. ಆರು ಸಾವಿರದ ಕೆಲಸ ಐದಕ್ಕೆ ಇಳಿಯಿತು! ನನ್ನನ್ನು ಇಂದಿಗೂ ಸೆಳೆಯುವ ಸಂಗತಿ ಏನೆಂದರೆ, ಆಯ್ಲರನ ಕೈಗೆ ಆಯುಧವಾಗಿ ಒದಗಿದ ಆ ಪ್ರಮೇಯವನ್ನು 1640ರಲ್ಲಿ ಹೇಳಿದವನು ಫರ್ಮಾನೇ. ಅದನ್ನು ತನ್ನ ಊಹೆಯ ಮೇಲೇ ಹೀಗೆ ತಿರುಗಿಸಿದ್ದರೆ ಐದು ಭಾಗಾಕಾರದಲ್ಲಿ ಅವನಿಗೇ ತಿಳಿಯುತ್ತಿತ್ತು.

641ನ್ನು ನಂಬಲು ಉದ್ದದ ಗುಣಾಕಾರವೂ ಬೇಡ. 641 ಎಂದರೆ 640 + 1, ಅಂದರೆ 5 × 2⁷ + 1. ಅದೇ 641 ಎಂದರೆ 625 + 16, ಅಂದರೆ 5⁴ + 2⁴. ಮೊದಲನೆಯದರಿಂದ, 641ರ ಗಡಿಯಾರದಲ್ಲಿ 5 × 2⁷ ಎಂದರೆ −1. ನಾಲ್ಕನೇ ಘಾತಕ್ಕೇರಿಸಿ: 5⁴ × 2²⁸ ಎಂದರೆ 1. ಎರಡನೆಯದರಿಂದ 5⁴ರ ಜಾಗದಲ್ಲಿ −2⁴ ಇಡಿ: −2³² ಎಂದರೆ 1. ಹಾಗಾದರೆ 2³² + 1 ಎಂದರೆ ಸೊನ್ನೆ. ಮುಗಿಯಿತು. ಎರಡು ಸಾಲಿನ ಈ ಸಾಧನೆಯನ್ನು ಒಮ್ಮೆ ಕೈಯಾರೆ ಬರೆದು ನೋಡಿ.

ಇನ್ನೊಂದು ಸಾಕ್ಷಿಯೂ ಇದೆ. 4294967297 ಎಂದರೆ 65536² + 1². ಅದೇ 62264² + 20449² ಕೂಡ ಹೌದು. ಅವಿಭಾಜ್ಯವೊಂದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಆದರೆ ಒಂದೇ ಬಗೆಯಲ್ಲಿ ಆಗುತ್ತದೆ. ಎರಡು ಬಗೆ ಕಂಡ ಮೇಲೆ ಅದು ಅವಿಭಾಜ್ಯವಲ್ಲ, ಭಾಜಕ ಸಿಗದಿದ್ದರೂ.

9. ಎಲ್ಲಿ ನಿಲ್ಲಬೇಕೆಂದು ಮೊದಲೇ ಗೊತ್ತು ಮಾಡಿಕೊಳ್ಳಿ

6700417 ಮತ್ತೆ ಒಡೆಯುತ್ತದೆಯೇ? ಒಡೆಯುವುದಾದರೆ ಒಂದು ತುಂಡು ವರ್ಗಮೂಲದೊಳಗೆ, ಅಂದರೆ 2588ರೊಳಗೆ ಇರಲೇಬೇಕು. ಅದರಾಚೆ ಹುಡುಕುವುದು ವ್ಯರ್ಥ. ಜೊತೆಗೆ 64ರ ಅಪವರ್ತ್ಯಕ್ಕಿಂತ ಒಂದು ಹೆಚ್ಚು ಎಂಬ ಕಟ್ಟಳೆ ಇದಕ್ಕೂ ಅನ್ವಯ. 641ಕ್ಕಿಂತ ಚಿಕ್ಕವು ಆಗಲೇ ಸೋತಿವೆ. ಉಳಿದವು 641, 769, 1153, 1217, 1409, 1601, 2113. ಏಳು ಭಾಗಾಕಾರ, ಏಳರಲ್ಲೂ ಶೇಷ. 6700417 ಅವಿಭಾಜ್ಯ. 65537ಕ್ಕೆ ಇನ್ನೂ ಸುಲಭ: ಅದರ ಭಾಜಕ 32ರ ಅಪವರ್ತ್ಯಕ್ಕಿಂತ ಒಂದು ಹೆಚ್ಚಿರಬೇಕು, 256ರೊಳಗಿರಬೇಕು. ಅಂಥ ಅವಿಭಾಜ್ಯಗಳು 97 ಮತ್ತು 193 ಮಾತ್ರ. ಎರಡೂ ಭಾಗಿಸುವುದಿಲ್ಲ.

18446744073709551615 = 3 × 5 × 17 × 257 × 641 × 65537 × 6700417.

10. ತುಂಡುಗಳು ಸಿಕ್ಕಮೇಲೆ ಸಂಸಾರ ಎಣಿಸಿ

ಏಳು ಅವಿಭಾಜ್ಯಗಳು, ಯಾವುದೂ ಎರಡು ಸಲ ಬಂದಿಲ್ಲ. ಭಾಜಕ ಕಟ್ಟುವಾಗ ಒಂದೊಂದನ್ನೂ ಸೇರಿಸಬಹುದು ಇಲ್ಲವೇ ಬಿಡಬಹುದು. 2⁷, ಅಂದರೆ 128 ಭಾಜಕಗಳು.

ಅವುಗಳಲ್ಲಿ ಒಂದು ಗುಂಪಿಗೆ ಜ್ಯಾಮಿತಿಯಲ್ಲಿ ಮನೆಯಿದೆ. 1796ರಲ್ಲಿ, ಇನ್ನೂ ಹತ್ತೊಂಬತ್ತು ತುಂಬದ ಗೌಸ್, ಬರೀ ಕೈವಾರ ಮತ್ತು ಗುರುತಿಲ್ಲದ ಅಳತೆಪಟ್ಟಿಯಿಂದ 17 ಬಾಹುಗಳ ಸಮಬಹುಭುಜವನ್ನು ರಚಿಸಬಹುದೆಂದು ಕಂಡುಕೊಂಡ. ಗ್ರೀಕರ ಕಾಲದಿಂದ ಯಾರಿಗೂ ಹೊಳೆಯದಿದ್ದದ್ದು ಅದು. 3, 5, 17, 257, 65537 ಈ ಐದರಲ್ಲಿ ಬೇಕಾದಷ್ಟನ್ನು ಪುನರಾವರ್ತನೆಯಿಲ್ಲದೆ ಗುಣಿಸಿದರೆ ಸಿಗುವಷ್ಟು ಬಾಹುಗಳಿದ್ದರೆ ರಚನೆ ಸಾಧ್ಯ. ಬೆಸ ಸಂಖ್ಯೆಯ ಬಾಹುಗಳುಳ್ಳವು ಇಂದಿಗೆ ತಿಳಿದಿರುವಂತೆ 31. ಅವುಗಳಲ್ಲಿ ಅತಿ ದೊಡ್ಡದಕ್ಕೆ 4294967295 ಬಾಹುಗಳು: ನಮ್ಮ ಸಂಖ್ಯೆಯ ಎಡತುಂಡು, 2³² − 1. ಚದುರಂಗದ ಹಾಸಿನ ಮೊದಲರ್ಧದ ಕಾಳುಗಳ ಮೊತ್ತ ಗೌಸನ ಬಹುಭುಜದ ಬಾಹುಗಳಾಗಿ ಬಂದು ಕೂತಿದೆ.

11. ಗಾತ್ರವನ್ನು ಮೈಗೆ ಹತ್ತಿಸಿಕೊಳ್ಳಿ

ಒಂದು ಅಕ್ಕಿಕಾಳು 20 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಹಾಸಿನ ಮೇಲಿನ ಅಕ್ಕಿ ಸುಮಾರು 36,900 ಕೋಟಿ ಟನ್. ಇಡೀ ಜಗತ್ತು ಈಗ ವರ್ಷಕ್ಕೆ ಬೆಳೆಯುವ ಅಕ್ಕಿ ಸುಮಾರು 50 ಕೋಟಿ ಟನ್. ರಾಜ ಏಳುನೂರು ವರ್ಷಕ್ಕೂ ಹೆಚ್ಚು ಕಾಲ ಭೂಮಿಯ ಬೆಳೆಯನ್ನೆಲ್ಲ ತಂದು ಸುರಿಯಬೇಕು. ಕಾಶಿಯ ಬಿಲ್ಲೆಗಳನ್ನು ಸೆಕೆಂಡಿಗೊಂದರಂತೆ ಸಾಗಿಸಿದರೆ ಸುಮಾರು 58,450 ಕೋಟಿ ವರ್ಷ. ವಿಶ್ವದ ವಯಸ್ಸೇ ಸುಮಾರು 1,380 ಕೋಟಿ ವರ್ಷ. ಮಕ್ಕಳಿಗೆ ಘಾತಾಂಕ ಕಲಿಸುವವರು ಈ ಎರಡು ಲೆಕ್ಕವನ್ನು ದಯವಿಟ್ಟು ಕರಿಹಲಗೆಯ ಮೇಲೆ ಮಾಡಿಸಿ.

12. ಈಗ ನಿಮ್ಮದೇ ಒಂದು ಸಂಖ್ಯೆ ಹಿಡಿಯಿರಿ

ನನ್ನ ಸಲಹೆ, ಮಹಾವೀರಾಚಾರ್ಯರಿಂದಲೇ ಒಂದನ್ನು ಎತ್ತಿಕೊಳ್ಳಿ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ, ಕೊರಳ ಹಾರದಂಥ ಗುಣಲಬ್ಧಗಳನ್ನು ಅವರು ಪ್ರೀತಿಯಿಂದ ಕಟ್ಟಿದ್ದಾರೆ. 139 × 109 = 15151. 152207 × 73 = 11111111. ಅವುಗಳಲ್ಲಿ ನನಗೆ ಅತಿ ಪ್ರಿಯವಾದದ್ದು 27994681 × 441 = 12345654321.

ಈ ಹನ್ನೊಂದು ಅಂಕಿಯ ಹಾರವನ್ನು ಕೈಗೆತ್ತಿಕೊಳ್ಳಿ. ಅಂಕಿ ಕೂಡಿ, 36 ಬರುತ್ತದೆ. 1001ರ ಪರೀಕ್ಷೆ ಮಾಡಿ: 321 − 654 + 345 − 12, ಸೊನ್ನೆ. 7, 11, 13 ಮೂರೂ ಒಟ್ಟಿಗೆ ಸಿಕ್ಕವು. 441 ಎಂದರೆ 21ರ ವರ್ಗ ಎಂದು ನಿಮಗೇ ಗೊತ್ತು. ಹಾಗಾದರೆ 27994681 ಯಾವುದರ ವರ್ಗ, ಮತ್ತು 12345654321ಕ್ಕೆ ಭಾಜಕಗಳು ಸಮಸಂಖ್ಯೆಯಲ್ಲಿರದೆ ಬೆಸವಾಗಿ, 243 ಆಗಿರುವುದೇಕೆ? ಹಾಳೆಯ ಹಿಂಬದಿ ಇನ್ನೂ ಖಾಲಿಯಿದೆ.